ಬಿದ್ದದ್ದು ಯಾರ ತಪ್ಪು? ಸೈಕಲ್ ಶರ್ಯತ್ತಿನ ಮುಗಿಯದ ವಾದ

ಬನಹಟ್ಟಿ: ನೇಕಾರರ ಪಟ್ಟಣವಾದ ಬನಹಟ್ಟಿಯೂ ಸೇರಿದಂತೆ ಜಮಖಂಡಿ, ಮುಧೋಳ ಭಾಗದ ಊರುಗಳಲ್ಲಿ ಜಾತ್ರೆ-ಉತ್ಸವಗಳ ಸಂದರ್ಭದಲ್ಲಿ ಸೈಕಲ್ ಶರ್ಯತ್ತು ಏರ್ಪಡಿಸುವುದು ರೂಢಿ. ಅವಿಭಜಿತ ವಿಜಾಪುರ ಜಿಲ್ಲೆಯ ಸವಾರರು ರಾಷ್ಟ್ರೀಯ ಸ್ಪರ್ಧೆಗಳಲ್ಲಿ ರಾಜ್ಯಕ್ಕೆ ಪದಕ ತಂದುಕೊಡುತ್ತ ಬಂದಿದ್ದಾರೆ. ಸಹಜವಾಗಿಯೇ ಇಲ್ಲಿಯ ಪ್ರೇಕ್ಷಕ ಫಲಿತಾಂಶ ಕೇಳಿ ಸುಮ್ಮನಾಗುವವನಲ್ಲ. ಸ್ಪರ್ಧೆ ಮುಗಿದ ಮೇಲೆ ಚಹಾದಂಗಡಿಯ ಮುಂದೆ ಎರಡು ಪ್ರಶ್ನೆಗಳು ಏಳುತ್ತವೆ. ಗೆದ್ದವನೇ ನಿಜವಾಗಿ ಬಲಶಾಲಿಯೇ? ಬಿದ್ದದ್ದು ಯಾರ ತಪ್ಪಿನಿಂದ?

ಮೊದಲ ಪ್ರಶ್ನೆಗೆ ಉತ್ತರ ಗಾಳಿಯಲ್ಲಿದೆ. ಸಮತಟ್ಟಾದ ರಸ್ತೆಯಲ್ಲಿ ವೇಗ ಹೆಚ್ಚಿದಂತೆ ಸವಾರನ ಶಕ್ತಿಯ ಬಹುಪಾಲನ್ನು ಗಾಳಿಯೇ ತಿನ್ನುತ್ತದೆ. ನೆದರ್‌ಲೆಂಡ್ಸ್‌ನ ಐಂಡ್‌ಹೋವನ್ ತಾಂತ್ರಿಕ ವಿಶ್ವವಿದ್ಯಾಲಯದ ಬರ್ಟ್ ಬ್ಲಾಕನ್ ನೇತೃತ್ವದ ತಂಡ 2018ರಲ್ಲಿ 121 ಸವಾರರ ಗುಂಪನ್ನು ಅಧ್ಯಯನಕ್ಕೆ ಒಳಪಡಿಸಿತ್ತು. ಒಂಟಿ ಸವಾರ ಎದುರಿಸುವ ಪ್ರತಿರೋಧದ ಶೇ 5ರಿಂದ 10ರಷ್ಟನ್ನು ಮಾತ್ರ ಗುಂಪಿನ ನಡುವೆ ಅಡಗಿದವನು ಎದುರಿಸುತ್ತಾನೆಂದು ಅದು ಕಂಡುಕೊಂಡಿತು. ಹೀಗಾಗಿ ಉದ್ದಕ್ಕೂ ಮುಂದೆ ನಿಂತು ಗಾಳಿ ಸೀಳಿದವನು ಕೊನೆಗೆ ಇಪ್ಪತ್ತನೆಯವನಾಗಬಹುದು. ಅವನ ನೆರಳಿನಲ್ಲಿ ಬಂದವನು ಕೊನೆಯ 200 ಮೀಟರ್‌ನಲ್ಲಿ ನುಗ್ಗಿ ಗೆಲ್ಲಬಹುದು. ಅದು ಕಳ್ಳಾಟವಲ್ಲ, ಆಟವೇ ಹಾಗಿದೆ.

ಆದರೆ ಆ ನೆರಳಿಗೆ ಬೆಲೆಯುಂಟು. ಗಂಟೆಗೆ 40 ಕಿ.ಮೀ. ವೇಗದಲ್ಲಿ ಸೈಕಲ್ ಒಂದು ಸೆಕೆಂಡಿಗೆ 11 ಮೀಟರ್ ಸಾಗುತ್ತದೆ. ಮುಂದಿನವನ ಹಿಂಗಾಲಿಗೂ ಹಿಂದಿನವನ ಮುಂಗಾಲಿಗೂ ಇರುವ ಅಂತರ ಅರ್ಧ ಮೀಟರೂ ಇರದು. ರಸ್ತೆಯ ಮೇಲೆ ಬಿದ್ದ ಕಬ್ಬಿನ ತುಂಡೋ ಅಡ್ಡಬಂದ ನಾಯಿಯೋ ಕಂಡಾಗ ಬ್ರೇಕ್ ಹಿಡಿಯಲು ಕಾಲಾವಕಾಶವೇ ಇಲ್ಲ. ಇಲ್ಲೊಂದು ಸೂಕ್ಷ್ಮವಿದೆ. ಹ್ಯಾಂಡಲನ್ನು ಸಣ್ಣಗೆ ಅತ್ತಿತ್ತ ತಿರುಗಿಸುತ್ತಲೇ ಸವಾರ ಸಮತೋಲ ಕಾಯುತ್ತಾನೆ. ಎರಡು ಗಾಲಿಗಳು ತಾಗಿದಾಗ ಮುಂಗಾಲಿ ತಾಗಿಸಿಕೊಂಡವನಿಗೆ ಆ ಅವಕಾಶ ತಪ್ಪುತ್ತದೆ. ಸಾಮಾನ್ಯವಾಗಿ ಅವನೇ ಉರುಳುತ್ತಾನೆ. ದಾರಿ ಬದಲಿಸಿದ ಮುಂದಿನವನು ಹಿಂತಿರುಗಿಯೂ ನೋಡದೆ ಸಾಗಿರುತ್ತಾನೆ. ಬಿದ್ದವನನ್ನು ಕಂಡ ಜನ ತಪ್ಪು ಅವನದೇ ಎನ್ನುತ್ತಾರೆ.

ಕಣ್ಣಿಗೆ ಕಂಡದ್ದು ಎಷ್ಟು ನಂಬಲರ್ಹ ಎಂಬ ವಾದ ಬನಹಟ್ಟಿಗಷ್ಟೇ ಸೀಮಿತವಲ್ಲ. 2017ರ ಜುಲೈ 4ರಂದು ಟೂರ್ ಡಿ ಫ್ರಾನ್ಸ್‌ನ ನಾಲ್ಕನೇ ಹಂತದ ಕೊನೆಯಲ್ಲಿ ಬ್ರಿಟನ್ನಿನ ಮಾರ್ಕ್ ಕ್ಯಾವೆಂಡಿಶ್ ತಡೆಬೇಲಿಗೆ ಬಡಿದು ಭುಜದ ಮೂಳೆ ಮುರಿದುಕೊಂಡರು. ವಿಶ್ವ ಚಾಂಪಿಯನ್ ಪೀಟರ್ ಸಗಾನ್ ಮೊಣಕೈ ಚಾಚಿದ್ದೇ ಕಾರಣವೆಂದು ತೀರ್ಪುಗಾರರು ಅಂದೇ ಅವರನ್ನು ಸ್ಪರ್ಧೆಯಿಂದ ಹೊರಗಟ್ಟಿದರು. ಐದು ತಿಂಗಳ ಬಳಿಕ, ಅಂದು ಲಭ್ಯವಿರದ ವಿಡಿಯೊಗಳ ಹಿನ್ನೆಲೆಯಲ್ಲಿ, ಅದು ಉದ್ದೇಶಪೂರ್ವಕವಲ್ಲದ ಅವಘಡವೆಂದು ಅಂತರರಾಷ್ಟ್ರೀಯ ಸಂಸ್ಥೆ ಯುಸಿಐ ಹೇಳಿತು. ಸಗಾನ್ ಕಳೆದುಕೊಂಡ ಟೂರ್ ಮಾತ್ರ ಮರಳಲಿಲ್ಲ.

ಸವಾರನ ತಪ್ಪು ಸ್ಪಷ್ಟವಿದ್ದಾಗಲೂ ಪ್ರಶ್ನೆ ಅಲ್ಲಿಗೇ ನಿಲ್ಲದು. 2020ರ ಆಗಸ್ಟ್ 5ರಂದು ಪೋಲೆಂಡಿನ ಕಾಟೊವಿಟ್ಸೆಯಲ್ಲಿ ಡಿಲನ್ ಗ್ರೂನೆವೆಗನ್ ದಾರಿ ಬದಲಿಸಿ ಫ್ಯಾಬಿಯೊ ಯಾಕೊಬ್ಸನ್‌ರನ್ನು ಬೇಲಿಗೆ ಒತ್ತಿದರು. ಯಾಕೊಬ್ಸನ್ ಪ್ರಾಣಾಪಾಯದಿಂದ ಪಾರಾಗಿ, 2021ರ ಸ್ಪೇನ್ ಟೂರ್‌ನಲ್ಲಿ ಮೂರು ಹಂತಗಳನ್ನು ಗೆದ್ದರು. ಗ್ರೂನೆವೆಗನ್‌ಗೆ ಒಂಬತ್ತು ತಿಂಗಳ ನಿಷೇಧ ಬಿತ್ತು. ಆದರೆ ಗಂಟೆಗೆ 80 ಕಿ.ಮೀ. ವೇಗ ತರುವ ಇಳಿಜಾರಿನಲ್ಲಿ ಅಂತಿಮ ಗೆರೆ ಎಳೆದವರಾರು, ಬಡಿದೊಡನೆ ಚದುರಿಹೋಗುವ ಬೇಲಿ ನಿಲ್ಲಿಸಿದವರಾರು ಎಂದು ಕೇಳಿದವರ ವಾದವೇ ಹೆಚ್ಚು ತೂಕದ್ದು.

ಬಹುಹಂತದ ಸ್ಪರ್ಧೆಗಳಲ್ಲಿ ಸಾಮಾನ್ಯವಾಗಿ ಕೊನೆಯ 3 ಕಿ.ಮೀ. ಒಳಗೆ ಬಿದ್ದವನಿಗೆ ಅವನಿದ್ದ ಗುಂಪಿನ ಸಮಯವನ್ನೇ ಕೊಡುವ ನಿಯಮವಿದೆ. ಒಂದೇ ದಿನದ ಶರ್ಯತ್ತಿನಲ್ಲಿ ಆ ರಕ್ಷಣೆ ಇಲ್ಲ. ಬಿದ್ದರೆ ಕಥೆ ಮುಗಿಯಿತು. ರೈತ, ನೇಕಾರ ಕುಟುಂಬದ ಹುಡುಗನಿಗೆ ಕ್ರೀಡಾನಿಲಯದ ಪ್ರವೇಶ, ಮುಂದೆ ರೈಲ್ವೆ ಅಥವಾ ಸೇನೆಯ ನೌಕರಿ ಇಂಥ ಫಲಿತಾಂಶಗಳನ್ನೇ ನೆಚ್ಚಿರುತ್ತವೆ. ಕೊರಳೆಲುಬು ಮುರಿದರೆ ವಾರಗಟ್ಟಲೆ ಅಭ್ಯಾಸವಿಲ್ಲ, ಸೈಕಲ್ಲಿನ ಚೌಕಟ್ಟು ಮುರಿದರೆ ಮನೆಗೆ ಸಾಲ. ಅವನ ಕಾಲಿನ ಬಲ ತಿಳಿಯಬೇಕೆನ್ನುವವರು ಗುಂಪಿನ ಓಟದ ಕ್ರಮಾಂಕಕ್ಕಿಂತ ಟೈಮ್ ಟ್ರಯಲ್‌ನ ಸಮಯ ನೋಡುವುದು ಒಳಿತು. ಅಲ್ಲಿ ಒಬ್ಬೊಬ್ಬರನ್ನೇ ಬಿಡಲಾಗುತ್ತದೆ. ಮುಂದೆ ಅಡಗಿಕೊಳ್ಳಲು ಯಾರ ಬೆನ್ನೂ ಇರುವುದಿಲ್ಲ.