ಕೋಡಂಗಿ ಮೀನಿನ ದಾಂಪತ್ಯ

ತಿಪಟೂರು ಕಡಲು ಕಾಣದ ತೆಂಗಿನ ನಾಡು. ಆದರೂ ತಕ್ಕ ಕಡಲುಪ್ಪನ್ನು ಲೀಟರಿಗೆ ಸುಮಾರು 35 ಗ್ರಾಂನಂತೆ ನೀರಿಗೆ ಬೆರೆಸಿದರೆ, ಹವಳದ ದಿಬ್ಬಗಳ ಕೋಡಂಗಿ ಮೀನನ್ನು ಇಲ್ಲಿಯೂ ಗಾಜಿನ ತೊಟ್ಟಿಯಲ್ಲಿ ಸಾಕಬಹುದು. ಅದಕ್ಕೆ ಆಶ್ರಯವೀಯುವ ಕಡಲ ಹೂವು ವಾಸ್ತವವಾಗಿ ಒಂದು ಪ್ರಾಣಿ. ಅದರ ಕುಟುಕುವ ಎಳೆಗಳಿಂದ ಕೋಡಂಗಿಯನ್ನು ಮೈಮೇಲಣ ಲೋಳೆಯು ಕಾಯುತ್ತದೆ. ತೊಟ್ಟಿಯಲ್ಲಿ ಈ ಹೂವನ್ನು ಉಳಿಸುವುದು ಕಷ್ಟ. ಅದಿಲ್ಲದೆಯೂ ಮೀನು ಬಾಳಬಲ್ಲದು.

ಈ ಮೀನುಗಳಲ್ಲಿ ಹುಟ್ಟಿನಿಂದ ಹೆಣ್ಣಾದುದು ಯಾವುದೂ ಇಲ್ಲ. ಗುಂಪಿನಲ್ಲಿ ಎಲ್ಲಕ್ಕಿಂತ ದೊಡ್ಡದು ಹೆಣ್ಣಾಗುತ್ತದೆ. ಎರಡನೆಯದು ಅದರ ಗಂಡು. ಹೆಣ್ಣು ಸತ್ತರೆ ಆ ವಿಧುರನೇ ಹೆಣ್ಣಾಗುವನು!

ಆದುದರಿಂದ ಸತ್ತ ಹೆಣ್ಣಿನ ಸ್ಥಾನಕ್ಕೆ ಮತ್ತೊಂದು ದೊಡ್ಡ ಮೀನನ್ನು ತಂದುಬಿಡುವುದು ಅವಿವೇಕ. ಕಾದಾಟದಲ್ಲಿ ಒಂದರ ಪ್ರಾಣವೇ ಹೋದೀತು. ಚಿಕ್ಕ ಮರಿಯನ್ನು ಬಿಡಬೇಕು. ಅದು ದೊಡ್ಡದರೆದುರು ಮೈ ನಡುಗಿಸಿ ಶರಣಾದರೆ ದಾಂಪತ್ಯ ಕುದುರುತ್ತಿದೆಯೆಂದು ತಿಳಿಯಬಹುದು.