ಹೊರೆ ಹೇರಿದಾಗ ಮಾತ್ರ ಗಾಡಿ ನಿಲ್ಲುತ್ತಾ? ಮೊದಲು ಆ ಚಿಕ್ಕ ಸ್ಕ್ರೂ ಬಿಟ್ಟುಬಿಡಿ

ಬೆಳಿಗ್ಗೆ ಡೇರಿಗೆ ಹಾಲು ಹಾಕಿ ಬರುವಾಗ ಎಕ್ಸೆಲ್ ಚೆನ್ನಾಗಿಯೇ ಓಡುತ್ತೆ. ಮಧ್ಯಾಹ್ನ ಹಸಿ ಹೊಗೆಸೊಪ್ಪಿನ ಹೊರೆ ಕಟ್ಟಿಕೊಂಡು ಬ್ಯಾರನ್ ಕಡೆ ಏರು ಹತ್ತಿಸಿದರೆ ಮುಕ್ಕರಿಸಿ ಮುಕ್ಕರಿಸಿ ನಿಂತುಬಿಡುತ್ತೆ. ಮೊನ್ನೆಯಷ್ಟೇ ಕಾರ್ಬೊರೇಟರ್ ಬಿಚ್ಚಿ ತೊಳೆದು ಹೊಸ ಕಿಟ್ ಹಾಕಿಸಿದ್ದೀರಿ, ಆದರೂ ಹೀಗೆ. ಆಗ ನಾವೆಲ್ಲ ಮಾಡೋದು ಒಂದೇ ಕೆಲಸ: ಪಕ್ಕದ ಚಿಕ್ಕ ಸ್ಕ್ರೂಗೆ ಸ್ಕ್ರೂಡ್ರೈವರ್ ಹಾಕಿ ಅತ್ತ ಇತ್ತ ತಿರುಗಿಸೋದು.

ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ, ಕೆ.ಆರ್. ನಗರದ ಕಡೆ ಸೊಪ್ಪು ಮುರಿಯೋ ದಿನಗಳಲ್ಲಿ ಒಂದು ಗಾಡಿ ನಿಂತರೂ ತಾಪತ್ರಯವೇ. ಮುರಿದ ಸೊಪ್ಪನ್ನು ಬೇಗ ಕಟ್ಟಿ ಬ್ಯಾರನ್‌ಗೆ ಏರಿಸಬೇಕು. ಹೊಲದ ಬದುವಿನಲ್ಲಿ ರಾಶಿ ಬಿದ್ದರೆ ಕಾವೇರಿ ಬಾಡಿ ಹೋಗುತ್ತೆ, ಹರಾಜಿನಲ್ಲಿ ಗ್ರೇಡ್ ಬೀಳುತ್ತೆ. ಕೂಲಿ ಆಳುಗಳು ಸುಮ್ಮನೆ ಕೂತಿದ್ದರೂ ಕೂಲಿ ಕೊಡಲೇಬೇಕು.

ಮೊದಲು ಒಂದು ಮಾತು. ನಿಮ್ಮ 407 ಅಥವಾ ಬೊಲೆರೊ ಪಿಕಪ್ ಎಷ್ಟೇ ಹಳೇದಾದರೂ ಅದು ಡೀಸೆಲ್ ಗಾಡಿ, ಅದಕ್ಕೆ ಕಾರ್ಬೊರೇಟರ್ ಇರಲ್ಲ. ಹೊರೆಗೆ ಎಳೆಯದಿದ್ದರೆ ಡೀಸೆಲ್ ಫಿಲ್ಟರ್, ಪಂಪ್, ಇಂಜೆಕ್ಟರ್ ಕಡೆ ನೋಡಬೇಕು. ನಾವು ಮಾತಾಡ್ತಿರೋದು ಹಳೇ ಎಕ್ಸೆಲ್, ಹಳೇ ಬೈಕ್, ಕಾರ್ಬೊರೇಟರ್ ಕಾಲದ ಓಮ್ನಿ, ಅಲ್ಲೊಂದು ಇಲ್ಲೊಂದು ಉಳಿದಿರೋ ಪೆಟ್ರೋಲ್ ಜೀಪ್ ಬಗ್ಗೆ. 2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಬಂದಮೇಲೆ ಹೊಸ ಬೈಕು, ಮೊಪೆಡ್ಡುಗಳು ಬಹುತೇಕ ಫ್ಯೂಯೆಲ್ ಇಂಜೆಕ್ಷನ್‌ಗೆ ಹೋದವು. ಅದಕ್ಕೂ ಹಿಂದಿನ ಗಾಡಿ ನಿಮ್ಮದಾದರೆ ಮುಂದೆ ಓದಿ. ಬೈಕು, ಮೊಪೆಡ್ಡಿನ ಲೆಕ್ಕದಲ್ಲೇ ಹೇಳ್ತೀನಿ.

ಯಾವ ಭಾಗಕ್ಕೆ ಯಾವ ಕೆಲಸ

ಎಕ್ಸ್‌ಲೇಟರ್ ಎಷ್ಟು ತಿರುಗಿಸಿದ್ದೀರಿ ಅನ್ನೋದರ ಮೇಲೆ ಕಾರ್ಬೊರೇಟರ್ ಒಳಗೆ ಬೇರೆ ಬೇರೆ ಭಾಗ ಪೆಟ್ರೋಲ್ ಕೊಡುತ್ತೆ. ಚಿಕ್ಕ ಸ್ಕ್ರೂ ಮತ್ತು ಸ್ಲೋ ಜೆಟ್‌ನ ಆಟ ನಿಂತಲ್ಲೇ ಓಡುವಾಗ, ಹೆಚ್ಚೆಂದರೆ ಕಾಲು ಭಾಗ ಎಕ್ಸ್‌ಲೇಟರ್‌ವರೆಗೆ. ಅಲ್ಲಿಂದ ಮುಕ್ಕಾಲಿನವರೆಗೆ ಸ್ಲೈಡ್‌ಗೆ ನೇತಾಡೋ ಉದ್ದ ಸೂಜಿ, ಅಂದರೆ ನೀಡಲ್. ಪೂರ್ತಿ ತಿರುಗಿಸಿದಾಗ ಮೇನ್ ಜೆಟ್. ಹೊರೆ ಹೇರಿ ಏರು ಹತ್ತುವಾಗ ನೀವು ಎಕ್ಸ್‌ಲೇಟರ್ ಪೂರ್ತಿ ತಿರುಗಿಸಿರ್ತೀರಿ. ಆಗ ಚಿಕ್ಕ ಸ್ಕ್ರೂ ಎಲ್ಲಿದ್ದರೂ ಗಾಡಿಗೆ ಹೆಚ್ಚು ವ್ಯತ್ಯಾಸ ಆಗಲ್ಲ. ಅದನ್ನ ತಿರುಗಿಸಿ ತಿರುಗಿಸಿ ಚೆನ್ನಾಗಿದ್ದ ಐಡ್ಲಿಂಗ್ ಕೂಡ ಕೆಡಿಸಿಕೊಳ್ತೀವಿ, ಅಷ್ಟೇ.

ಹಾಗಾದರೆ ಕಿಟ್ ಹಾಕಿದ ಮೇಲೆ ಏರು ಹತ್ತದಿರೋದು ಯಾಕೆ? ಎಷ್ಟೋ ಸಲ ಕಿಟ್‌ನಲ್ಲಿ ಬಂದ ಮೇನ್ ಜೆಟ್ಟೇ ಬೇರೆ ಸೈಜಿನದು. ಜೆಟ್ ಮೇಲೆ ಸಣ್ಣ ಅಕ್ಷರದಲ್ಲಿ ನಂಬರ್ ಕೊರೆದಿರ್ತಾರೆ, ಕಣ್ಣಿಗೆ ಕಾಣದಿದ್ದರೆ ಫೋನ್ ಕ್ಯಾಮೆರಾದಲ್ಲಿ ಜೂಮ್ ಮಾಡಿ ನೋಡಿ. ಹಳೇ ಜೆಟ್‌ನ ನಂಬರ್ ಹೊಸದರಲ್ಲೂ ಇರಬೇಕು. ಇಲ್ಲ ಅಂದರೆ ಹಳೇದನ್ನೇ ತೊಳೆದು ಹಾಕೋದು ವಾಸಿ, ಹಿತ್ತಾಳೆ ಜೆಟ್ ಅಷ್ಟು ಬೇಗ ಸವೆಯಲ್ಲ. ಅದನ್ನ ಕ್ಲೀನ್ ಮಾಡೋಕೆ ತಂತಿ ಮಾತ್ರ ಹಾಕಬೇಡಿ, ತೂತು ದೊಡ್ಡದಾದರೆ ಅಳತೆ ಹೋಯ್ತು. ಕಾರ್ಬ್ ಕ್ಲೀನರ್ ಸ್ಪ್ರೇ ಹೊಡೆದು, ಪಂಕ್ಚರ್ ಅಂಗಡಿಯಲ್ಲಿ ಗಾಳಿ ಹೊಡೆಸಿದರೆ ಸಾಕು.

ಇನ್ನೊಂದು ಫ್ಲೋಟ್. ಅದು ಬೌಲ್‌ನಲ್ಲಿ ಪೆಟ್ರೋಲ್ ಮಟ್ಟ ಕಾಯೋದು. ಹೊಸ ಫ್ಲೋಟ್ ನೀಡಲ್ ಹಾಕಿದಾಗ ಆ ಮಟ್ಟ ಬದಲಾಗಬಹುದು. ಮಟ್ಟ ಮೇಲಿದ್ದರೆ ಕೆಳಗಿನ ಪೈಪ್‌ನಿಂದ ಪೆಟ್ರೋಲ್ ತೊಟ್ಟಿಕ್ಕುತ್ತೆ, ಕೆಳಗಿದ್ದರೆ ಹೊರೆಗೆ ಬೇಕಾದಷ್ಟು ಪೆಟ್ರೋಲ್ ಸಿಗಲ್ಲ. ಎಷ್ಟು ಮಿಲಿಮೀಟರ್ ಅನ್ನೋದು ಒಂದೊಂದು ಮಾಡೆಲ್‌ಗೆ ಒಂದೊಂದು, ಸರ್ವಿಸ್ ಮ್ಯಾನುಯಲ್ ನೋಡಿಯೇ ಇಡಬೇಕು.

ಟ್ಯೂನಿಂಗ್ ಮಾಡೋ ರೀತಿ

ಬಿಚ್ಚುವ ಮೊದಲೇ ಸ್ಕ್ರೂವನ್ನು ಮೆಲ್ಲಗೆ ಒಳಗೆ ತಿರುಗಿಸಿ, ಎಷ್ಟು ಸುತ್ತಿಗೆ ಕೂತಿತು ಅಂತ ಎಣಿಸಿ ವಿಡಿಯೋ ಮಾಡಿಟ್ಟುಕೊಳ್ಳಿ. ಕೂತ ಮೇಲೆ ಬಿಗಿ ಮಾಡಬೇಡಿ, ತುದಿ ಹಾಳಾಗುತ್ತೆ. ವಾಪಸ್ ಜೋಡಿಸುವಾಗ ಅಷ್ಟೇ ಸುತ್ತು ಹೊರಗೆ ಬಿಡಿ. ಎಣಿಸೋದು ಮರೆತಿದ್ದರೆ ಒಂದೂವರೆ ಸುತ್ತಿನಿಂದ ಶುರು ಮಾಡಿ. ಈ ಕೆಲಸ ಬ್ಯಾರನ್ ಒಲೆ ಹತ್ತಿರ ಖಂಡಿತ ಬೇಡ. ಪೆಟ್ರೋಲ್ ಆವಿ ಕಣ್ಣಿಗೆ ಕಾಣಲ್ಲ, ನೆಲ ಹಿಡಿದು ಹೋಗಿ ಬೆಂಕಿ ಮುಟ್ಟುತ್ತೆ.

ಟ್ಯೂನಿಂಗ್‌ಗೆ ಎಂಜಿನ್ ಬಿಸಿ ಇರಬೇಕು. ಸ್ಟಾರ್ಟ್ ಮಾಡಿದ ಎರಡು ನಿಮಿಷಕ್ಕೆ ಅಲ್ಲ, ಹತ್ತು ನಿಮಿಷ ಓಡಿಸಿ ಬಂದ ಮೇಲೆ. ಚೋಕ್ ಆಫ್ ಇರಲಿ, ಏರ್ ಫಿಲ್ಟರ್ ಕ್ಲೀನಾಗಿ ಜಾಗದಲ್ಲೇ ಇರಲಿ. ಫಿಲ್ಟರ್ ಬಿಚ್ಚಿಟ್ಟು ಟ್ಯೂನ್ ಮಾಡಿದರೆ ಹಾಕಿದ ಮೇಲೆ ಲೆಕ್ಕ ತಪ್ಪುತ್ತೆ.

ಈಗ ಸ್ಕ್ರೂ ಎಲ್ಲಿದೆ ನೋಡಿ. ಏರ್ ಫಿಲ್ಟರ್ ಕಡೆ ಇದ್ದರೆ ಅದು ಏರ್ ಸ್ಕ್ರೂ, ಒಳಗೆ ತಿರುಗಿಸಿದರೆ ಪೆಟ್ರೋಲ್ ಜಾಸ್ತಿ. ಎಂಜಿನ್ ಕಡೆ ಇದ್ದರೆ ಅದು ಪೆಟ್ರೋಲ್ ಸ್ಕ್ರೂ, ಒಳಗೆ ತಿರುಗಿಸಿದರೆ ಪೆಟ್ರೋಲ್ ಕಮ್ಮಿ. ಎರಡೂ ಉಲ್ಟಾ. ಯೂಟ್ಯೂಬ್ ನೋಡಿ ಮಾಡಿದವರು ಎಡವೋದು ಇಲ್ಲೇ, ವಿಡಿಯೋದಲ್ಲಿ ಇರೋದು ಬೇರೆ ಗಾಡಿ. ಕೆಲವು ಮೊಪೆಡ್‌ಗಳಲ್ಲಿ ಐಡಲ್ ಸ್ಕ್ರೂ ಒಂದೇ ಇರುತ್ತೆ, ಅವರಿಗೆ ಈ ತಲೆನೋವಿಲ್ಲ.

ಐಡ್ಲಿಂಗ್ ಸ್ವಲ್ಪ ಜಾಸ್ತಿ ಇಟ್ಟು, ಚಿಕ್ಕ ಸ್ಕ್ರೂವನ್ನು ಕಾಲು ಸುತ್ತು ತಿರುಗಿಸಿ, ಹತ್ತು ಸೆಕೆಂಡ್ ಕಾದು ಸದ್ದು ಕೇಳಿ. ಎಂಜಿನ್ ಅತಿ ಜೋರಾಗಿ, ಒಂದೇ ಸಮ ಓಡೋ ಜಾಗ ಸಿಗುತ್ತೆ. ಅಲ್ಲಿ ಬಿಟ್ಟು ಐಡ್ಲಿಂಗ್ ಇಳಿಸಿ. ಇನ್ನೊಂದು ಸಲ ಹಾಗೇ ಮಾಡಿ. ಆಮೇಲೆ ಎಕ್ಸ್‌ಲೇಟರ್ ಫಟ್ ಅಂತ ತಿರುಗಿಸಿ ನೋಡಿ. ತಡವರಿಸಿದರೆ ಪೆಟ್ರೋಲ್ ಕಮ್ಮಿ, ಸ್ವಲ್ಪ ಜಾಸ್ತಿ ಕೊಡಿ. ಐಡ್ಲಿಂಗ್ ತಾನಾಗೇ ಏರಿ ಇಳಿಯದಿದ್ದರೆ ಕಾರ್ಬೊರೇಟರ್, ಎಂಜಿನ್ ನಡುವಿನ ಗ್ಯಾಸ್ಕೆಟ್‌ನಲ್ಲಿ ಗಾಳಿ ಎಳೀತಿದೆ ಅಂತ ಅನುಮಾನ ಪಡಿ. ಅಲ್ಲಿ ನಾಲ್ಕು ಹನಿ ನೀರು ಚಿಮುಕಿಸಿದಾಗ ಸದ್ದು ಬದಲಾದರೆ ಅದೇ ಕಾಯಿಲೆ.

ಮೈಲೇಜ್ ಆಸೆ

ನಾನೂ ಒಂದು ಕಾಲದಲ್ಲಿ ಟು-ಸ್ಟ್ರೋಕ್ ಗಾಡಿಯಲ್ಲಿ ಮೈಲೇಜ್ ಬರಲಿ ಅಂತ ಪೆಟ್ರೋಲ್ ಕಮ್ಮಿ ಮಾಡಿಸಿದ್ದೆ. ಮೇನ್ ಜೆಟ್ಟೂ ಸಣ್ಣದು ಹಾಕಿಸಿದ್ದೆ. ಖಾಲಿ ಗಾಡಿ ಗಾಳಿ ಥರ ಓಡ್ತಿತ್ತು. ಎರಡು ಮೂಟೆ ಗೊಬ್ಬರ ಹೇರಿದ ದಿನ ಅರ್ಧ ಏರಿನಲ್ಲಿ ಪಿಸ್ಟನ್ ಹಿಡಿದುಕೊಂಡು ಹಿಂದಿನ ಚಕ್ರ ಲಾಕ್ ಆಯ್ತು. ಟು-ಸ್ಟ್ರೋಕ್‌ನಲ್ಲಿ ಆಯಿಲ್ ಬರೋದೇ ಪೆಟ್ರೋಲ್ ಜೊತೆ. ಪೆಟ್ರೋಲ್ ಕಮ್ಮಿ ಮಾಡಿದರೆ ಆಯಿಲ್ಲೂ ಕಮ್ಮಿ, ಬಿಸಿ ಜಾಸ್ತಿ. ಉಳಿಸಿದ ಪೆಟ್ರೋಲ್ ದುಡ್ಡು ಬೋರ್ ಮಾಡಿಸೋಕೆ ಎಲ್ಲಿಗೂ ಸಾಲಲಿಲ್ಲ.

ಈಗ ಇನ್ನೊಂದು ಕಾರಣ ಸೇರಿದೆ. ಬಂಕ್‌ಗಳಲ್ಲಿ ಬರ್ತಿರೋದು ಶೇ 20 ಎಥೆನಾಲ್ ಬೆರೆತ ಪೆಟ್ರೋಲ್. ಎಥೆನಾಲ್‌ನಲ್ಲೇ ಆಮ್ಲಜನಕ ಇರೋದರಿಂದ ಹಳೇ ಜೆಟ್‌ನಲ್ಲಿ ಮಿಶ್ರಣ ಸ್ವಲ್ಪ ಪೆಟ್ರೋಲ್ ಕಮ್ಮಿ ಕಡೆಗೇ ವಾಲುತ್ತೆ. ಇಂಜೆಕ್ಷನ್ ಗಾಡಿ ಅದನ್ನ ತಾನೇ ಸರಿ ಮಾಡ್ಕೊಳ್ಳುತ್ತೆ, ಕಾರ್ಬೊರೇಟರ್‌ಗೆ ಆ ಬುದ್ಧಿ ಇಲ್ಲ. ಅದಕ್ಕೇ ಹೊರೆ ಹೊರೋ ಹಳೇ ಗಾಡಿಯನ್ನ ಪೆಟ್ರೋಲ್ ಸ್ವಲ್ಪ ಜಾಸ್ತಿ ಕಡೆಗೇ ಇಡಿ ಅನ್ನೋದು ನನ್ನ ಅಭಿಪ್ರಾಯ.

ಕೊನೇ ಪರೀಕ್ಷೆ ಹೊರೆ ಹಾಕಿಯೇ ಮಾಡಬೇಕು. ಗಾಡಿ ಓಡಾಟ ಇಲ್ಲದ ಏರಿನಲ್ಲಿ ಪೂರ್ತಿ ಎಕ್ಸ್‌ಲೇಟರ್ ಕೊಟ್ಟು ಹತ್ತಿಸಿ. ಎಳೆಯದೆ ಹೋದಾಗ ಎಕ್ಸ್‌ಲೇಟರ್ ಸ್ವಲ್ಪ ಬಿಟ್ಟರೆ, ಇಲ್ಲವೇ ಚೋಕ್ ಸ್ವಲ್ಪ ಎಳೆದರೆ ಗಾಡಿ ಚುರುಕಾಯ್ತಾ? ಹಾಗಾದರೆ ಮೇನ್ ಜೆಟ್‌ನಿಂದ ಪೆಟ್ರೋಲ್ ಸಾಲ್ತಿಲ್ಲ. ಜೆಟ್ ಬದಲಿಸೋ ಮೊದಲು ಟ್ಯಾಂಕ್ ಮುಚ್ಚಳ ಸಡಿಲ ಮಾಡಿ ನೋಡಿ. ಸರಿಹೋದರೆ ಮುಚ್ಚಳದ ಗಾಳಿ ತೂತು ಮಣ್ಣು ಕಟ್ಟಿದೆ, ಖರ್ಚೇ ಇಲ್ಲ. ಪೆಟ್ರೋಲ್ ಕಾಕ್‌ನ ಜಾಲರಿಯನ್ನೂ ನೋಡಿ. ಚೋಕ್ ಎಳೆದಾಗ ಇನ್ನೂ ಮುಕ್ಕರಿಸಿದರೆ ಪೆಟ್ರೋಲ್ ಜಾಸ್ತಿಯಾಗಿದೆ. ಅರ್ಧ ಎಕ್ಸ್‌ಲೇಟರ್‌ನಲ್ಲಿ ಮಾತ್ರ ತೊಂದರೆ ಇದ್ದರೆ ನೀಡಲ್ ಕ್ಲಿಪ್ ಒಂದು ಗೀರು ಕೆಳಗೆ ಹಾಕಿ, ಸೂಜಿ ಮೇಲೆದ್ದು ಪೆಟ್ರೋಲ್ ಜಾಸ್ತಿ ಬರುತ್ತೆ.

ಏರು ಮುಗಿದ ತಕ್ಷಣ ಎಂಜಿನ್ ಆಫ್ ಮಾಡಿ, ತಣ್ಣಗಾದ ಮೇಲೆ ಪ್ಲಗ್ ಬಿಚ್ಚಿ. ತಿಳಿ ಕಂದು ಬಣ್ಣ ಇದ್ದರೆ ಸರಿ. ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ. ಸುಣ್ಣದ ಥರ ಬೆಳ್ಳಗಿದ್ದರೆ ಆ ಗಾಡಿಗೆ ಅವತ್ತು ಹೊರೆ ಹಾಕಬೇಡಿ. ಎಲ್ಲ ಸರಿಯಾದ ಮೇಲೆ ಸ್ಕ್ರೂ ಎಷ್ಟು ಸುತ್ತು, ಜೆಟ್ ನಂಬರ್ ಎಷ್ಟು, ಕ್ಲಿಪ್ ಎಷ್ಟನೇ ಗೀರು ಅಂತ ಫೋನ್‌ನಲ್ಲಿ ಬರೆದಿಡಿ. ಸೀಸನ್ ಮುಗಿದು ಗಾಡಿ ತಿಂಗಳುಗಟ್ಟಲೆ ನಿಲ್ಲೋದಾದರೆ ಬೌಲ್ ಕೆಳಗಿನ ಡ್ರೇನ್ ಸ್ಕ್ರೂ ಬಿಚ್ಚಿ ಪೆಟ್ರೋಲ್ ಖಾಲಿ ಮಾಡಿ. ಎಥೆನಾಲ್ ಮಳೆಗಾಲದ ತೇವ ಎಳ್ಕೊಂಡು ಅಲ್ಲೇ ಕೂತಿರುತ್ತೆ.