ರಸಗಿಡಗಳ ಪುಟ್ಟ ಕುಂಡ: ಬೆಲೆ ಕಟ್ಟುವುದು ಹೇಗೆ, ಜೋಡಿಸುವುದು ಹೇಗೆ?

ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ತಾಲ್ಲೂಕುಗಳಲ್ಲಿ ರೇಷ್ಮೆ, ಮಾವು, ರಾಗಿ ಹಾಗೂ ಹೈನುಗಾರಿಕೆ ಮುಖ್ಯ ಕಸುಬುಗಳು. ಇವುಗಳ ಜೊತೆಗೆ ಹಿತ್ತಿಲಿನ ಸ್ವಲ್ಪ ಜಾಗದಲ್ಲಿ ರಸಭರಿತ ಗಿಡಗಳನ್ನು ಸಣ್ಣ ಕುಂಡಗಳಲ್ಲಿ ಬೆಳೆಸಿ, ಜಾತ್ರೆ, ಸಂತೆ ಮತ್ತು ಫಲಪುಷ್ಪ ಪ್ರದರ್ಶನಗಳಲ್ಲಿ ಮಾರಿ ನಾಲ್ಕು ಕಾಸು ಸಂಪಾದಿಸಲು ಅವಕಾಶವಿದೆ. ಎಲೆ ಅಥವಾ ಕಾಂಡದಲ್ಲಿ ನೀರು ಕೂಡಿಟ್ಟುಕೊಳ್ಳುವ ಗಿಡಗಳೇ ರಸಭರಿತ ಗಿಡಗಳು. ಲೋಳೆಸರ, ದೊಡ್ಡಪತ್ರೆ, ಕಾಡುಬಸಳೆ, ಮಂಗರವಳ್ಳಿ ಇವು ಹಿಂದಿನಿಂದಲೂ ಹಿತ್ತಿಲಲ್ಲಿ ಇರುವಂಥವು. ಜೇಡ್, ಹಾವರ್ತಿಯಾ, ಎಚಿವೇರಿಯಾ, ಅಡೇನಿಯಂ ಮೊದಲಾದವು ಆಫ್ರಿಕಾ, ಮೆಕ್ಸಿಕೊ ಕಡೆಯಿಂದ ಬಂದು ಈಗ ಪೇಟೆಯ ನರ್ಸರಿಗಳಲ್ಲೆಲ್ಲ ಸಿಗುತ್ತವೆ.

ಇವುಗಳನ್ನು ಬೆಳೆಸುವುದು ಕಷ್ಟವಲ್ಲ. ನೀರು ಬೇಗ ಬಸಿದು ಹೋಗುವಂತೆ ದಪ್ಪ ಮರಳು, ಇಟ್ಟಿಗೆ ಚೂರು, ಕೆಮ್ಮಣ್ಣು ಮತ್ತು ಸ್ವಲ್ಪ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿದರೆ ಸಾಕು. ಅನೇಕರು ಸೋಲುವುದು ಮಾರಾಟದಲ್ಲಿ. ಪಕ್ಕದ ಅಂಗಡಿಯವನು ಐವತ್ತು ರೂಪಾಯಿ ಎಂದರೆ ತಾವು ನಲವತ್ತೈದು ಎನ್ನುತ್ತಾರೆ. ಸಂಜೆಯ ಹೊತ್ತಿಗೆ ಕೈಯಲ್ಲಿ ಕಾಸು ಕಂಡು ಲಾಭವಾಯಿತೆಂದು ತಿಳಿಯುತ್ತಾರೆ. ಲೆಕ್ಕ ಹಾಕಿ ನೋಡಿದರೆ ಮನೆಯವರ ದುಡಿಮೆ ಪುಕ್ಕಟೆಯಾಗಿ ಹೋಗಿರುತ್ತದೆ.

ಉದಾಹರಣೆಗೆ ಮೂರು ಅಂಗುಲದ 100 ಕುಂಡಗಳ ಲೆಕ್ಕ ನೋಡಬಹುದು. ಕುಂಡಕ್ಕೆ 6 ರೂಪಾಯಿಯಂತೆ 600, ಮಣ್ಣಿನ ಮಿಶ್ರಣಕ್ಕೆ 400, ಕೊಂಡು ತಂದ ಸಸಿಗಳಿಗೆ 800, ಹೆಸರು ಚೀಟಿಗೆ 100, ಐದಾರು ತಿಂಗಳಲ್ಲಿ ಒಟ್ಟು 20 ಗಂಟೆಯ ಕೆಲಸಕ್ಕೆ ಗಂಟೆಗೆ 50ರಂತೆ 1,000 ರೂಪಾಯಿ ಎಂದಿಟ್ಟುಕೊಂಡರೆ ಬೆಳೆಸುವ ಖರ್ಚು 2,900 ರೂಪಾಯಿ. ಮಾರುವ ದಿನದ ಆಟೋ ಬಾಡಿಗೆ, ಜಾಗದ ಬಾಡಿಗೆ, ಒಬ್ಬರ ದಿನಗೂಲಿ, ಊಟ ಸೇರಿ 1,300 ರೂಪಾಯಿ. ಒಟ್ಟು 4,200. ಇದನ್ನು ನೂರರಿಂದ ಭಾಗಿಸಿ ಕುಂಡಕ್ಕೆ 42 ರೂಪಾಯಿ ಅಸಲು ಎಂದುಕೊಳ್ಳುವುದೇ ಮೊದಲ ತಪ್ಪು. ನೂರರಲ್ಲಿ ಹದಿನೈದು ಕೊಳೆತೋ ಸೊರಗಿಯೋ ಹೋಗಿ 85 ಮಾತ್ರ ಮಾರಾಟಕ್ಕೆ ಬಂದರೆ ಒಂದಕ್ಕೆ ಬೆಳೆಸುವ ಖರ್ಚು 34 ರೂಪಾಯಿ ಆಗುತ್ತದೆ. ಅಂದು ಖರ್ಚಾಗುವುದು 60 ಕುಂಡವಾದರೆ ಮಾರುವ ಖರ್ಚು ಒಂದಕ್ಕೆ ಸುಮಾರು 22 ರೂಪಾಯಿ. ಆದ್ದರಿಂದ ನಿಜವಾದ ಅಸಲು 56 ರೂಪಾಯಿ. ಐವತ್ತಕ್ಕೆ ಮಾರಿದವರು ಕುಂಡಕ್ಕೆ 8 ರೂಪಾಯಿ ಉಳಿಯಿತೆಂದು ಹಿಗ್ಗುತ್ತಾರೆ, ಕಳೆದುಕೊಂಡಿರುವುದು 6 ರೂಪಾಯಿ. ಇಂಥ ಕುಂಡಕ್ಕೆ 70 ರೂಪಾಯಿಗಿಂತ ಕಡಿಮೆ ಹೇಳಬಾರದು.

ಮನೆಯ ತಾಯಿಗಿಡದಿಂದಲೇ ತೆಗೆದ ಮರಿಗಳಾದರೆ ಸಸಿ ಕೊಳ್ಳುವ ಖರ್ಚು ಇರುವುದಿಲ್ಲ, ಸಾಯುವುದೂ ಕಡಿಮೆ. ಲೋಳೆಸರ, ದೊಡ್ಡಪತ್ರೆಗಳನ್ನು ಈ ರೀತಿ 50 ರೂಪಾಯಿಗೆ ಕೊಟ್ಟರೂ ನಷ್ಟವಿಲ್ಲ. ಕಡಿಮೆ ಬೆಲೆಯ ಸಾಲು ಒಂದಿರಬೇಕೆನ್ನುವವರು ಇವುಗಳನ್ನೇ ಇಡಬೇಕೇ ಹೊರತು ಎಚಿವೇರಿಯಾದ ಬೆಲೆ ಇಳಿಸಬಾರದು. ಅಡೇನಿಯಂ ಮಾತು ಬೇರೆ. ಬುಡ ದಪ್ಪನಾಗಿ ಹೂ ಬಿಟ್ಟ ಗಿಡಕ್ಕೆ ಅದರ ವಯಸ್ಸು ನೋಡಿ ಬೆಲೆ ಕಟ್ಟಬೇಕು.

ಸಂಜೆಯಾದ ಮೇಲೆ ಕೊತ್ತಂಬರಿ ಸೊಪ್ಪಿನ ಕಟ್ಟನ್ನು ಸಿಕ್ಕಿದ ಬೆಲೆಗೆ ಕೊಡುವುದು ಸರಿ, ನಾಳೆಗೆ ಅದು ಬಾಡುತ್ತದೆ. ರಸಗಿಡ ಬಾಡುವುದಿಲ್ಲ. ಮನೆಗೆ ಹಿಂತಿರುಗಿದ ಕುಂಡ ಮುಂದಿನ ಸಂತೆಗೆ ಇನ್ನೂ ತುಂಬಿಕೊಂಡು ಬರುತ್ತದೆ. ಸೊಪ್ಪು ಮಾರಿ ಅಭ್ಯಾಸವಾದವರು ಕತ್ತಲಾಗುವಾಗ ಇದನ್ನೂ ಅರ್ಧ ಬೆಲೆಗೆ ಇಳಿಸುವುದು ಕಂಡುಬರುತ್ತದೆ. ಹಾಗೆ ಮಾಡಿದರೆ ಮುಂದಿನ ಸಲ ಗಿರಾಕಿ ಸಂಜೆಯವರೆಗೂ ಕಾಯುತ್ತಾನೆ. ಬೇಕಾದರೆ ಮೂರು ಕುಂಡಕ್ಕೆ 200 ರೂಪಾಯಿ ಎಂದು ಬೆಳಿಗ್ಗೆಯಿಂದಲೇ ಬರೆದಿಡಬಹುದು. ಅರವತ್ತರ ಬದಲು 80 ಕುಂಡ ಹೋದರೆ ಜಾಗದ ಮತ್ತು ಬಂಡಿಯ ಖರ್ಚು ಅಷ್ಟರಲ್ಲಿ ಹಂಚಿಹೋಗಿ, ಕುಂಡಕ್ಕೆ 22ರ ಬದಲು 16 ರೂಪಾಯಿಯಷ್ಟೇ ಬೀಳುತ್ತದೆ.

ಎಲ್ಲಿ ಮಾರಬೇಕೆಂಬುದನ್ನೂ ಯೋಚಿಸಬೇಕು. ಬೆಂಗಳೂರು–ಮೈಸೂರು ಹೊಸ ಹೆದ್ದಾರಿ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಮೇಲೆ ದೂರದ ವಾಹನಗಳು ರಾಮನಗರ, ಚನ್ನಪಟ್ಟಣಗಳ ಒಳಗೆ ಬರುವುದು ಕಡಿಮೆಯಾಗಿದೆ. ಹಳೆಯ ರಸ್ತೆಯ ಬದಿಯಲ್ಲಿ ದಾರಿಹೋಕರನ್ನೇ ನಂಬಿ ಕೂರುವುದು ಲಾಭದ ದಾರಿಯಲ್ಲ. ಊರಿನವರೇ ಕೊಳ್ಳುವ ಸಂದರ್ಭಗಳನ್ನು ಹುಡುಕಬೇಕು. ಗೃಹಪ್ರವೇಶ, ನಾಮಕರಣ, ಮದುವೆಗಳಲ್ಲಿ ತಾಂಬೂಲದ ಜೊತೆಗೆ ಕೊಡಲು ನೂರು ಕುಂಡ ಒಟ್ಟಿಗೆ ಕೇಳುವವರಿದ್ದಾರೆ. ಅಲ್ಲಿ ಸಂತೆಯ ಖರ್ಚಿಲ್ಲವಾದ್ದರಿಂದ 50 ರೂಪಾಯಿಗೆ ಕೊಟ್ಟರೂ ಕುಂಡಕ್ಕೆ 16 ರೂಪಾಯಿ ಉಳಿಯುತ್ತದೆ. ಅರ್ಧ ಹಣ ಮುಂಗಡ ಪಡೆಯುವುದು ಒಳ್ಳೆಯದು.

ಹೇಳಿದ ಬೆಲೆ ಸಿಗಬೇಕಾದರೆ ಕುಂಡ ನೋಡಲು ಚೆನ್ನಾಗಿರಬೇಕು. ಮಾರಾಟಕ್ಕೆ ಕನಿಷ್ಠ ಮೂರು ವಾರ ಮೊದಲೇ ಗಿಡವನ್ನು ಕುಂಡಕ್ಕೆ ಬದಲಾಯಿಸಿರಬೇಕು. ಹಿಂದಿನ ದಿನ ನೆಟ್ಟ ಗಿಡ ಗಿರಾಕಿಯ ಕೈಯಲ್ಲಿ ಅಲುಗಾಡುತ್ತದೆ. ಬೇರಿಲ್ಲವೆಂದು ಅವರಿಗೆ ಆಗಲೇ ತಿಳಿಯುತ್ತದೆ. ನಾಲ್ಕೈದು ದಿನ ಮೊದಲು ನೀರು ನಿಲ್ಲಿಸಿದರೆ ಕುಂಡ ಹಗುರವಾಗುತ್ತದೆ, ಸಾಗಣೆಯಲ್ಲಿ ಎಲೆ ಮುರಿಯುವುದೂ ಕಡಿಮೆ. ಒಣಗಿದ ಕೆಳಎಲೆ ಕಿತ್ತು, ಕುಂಡದ ಹೊರಮೈ ಒರೆಸಿ, ಮೇಲೆ ಸಣ್ಣ ಬಿಳಿ ಕಲ್ಲು ಹರಡಬೇಕು. ಎಚಿವೇರಿಯಾದ ಎಲೆಯ ಮೇಲಿನ ಬೂದಿಯನ್ನು ಮಾತ್ರ ಒರೆಸಬಾರದು. ಅದು ಧೂಳಲ್ಲ, ಗಿಡದ ರಕ್ಷಣೆ. ಬೆರಳು ತಾಗಿದ ಗುರುತು ಆ ಎಲೆಯಲ್ಲಿ ಉಳಿದುಬಿಡುತ್ತದೆ.

ಜೋಡಿಸಲು ದುಬಾರಿ ಮೇಜು ಬೇಕಿಲ್ಲ. ರೆಂಬೆ ಪದ್ಧತಿಯ ಹುಳು ಸಾಕಾಣಿಕೆ ಬಂದ ಮೇಲೆ ಅನೇಕ ರೇಷ್ಮೆ ಮನೆಗಳಲ್ಲಿ ಬಿದಿರಿನ ತಟ್ಟೆಗಳು ಅಟ್ಟ ಸೇರಿವೆ. ಅವನ್ನು ಮೆಟ್ಟಿಲಿನಂತೆ ಮೂರು ಎತ್ತರದಲ್ಲಿಟ್ಟು ಒಂದೊಂದು ತಟ್ಟೆಯಲ್ಲಿ ಒಂದೇ ಬೆಲೆಯ ಗಿಡಗಳನ್ನಿಡುವುದು ಸೂಕ್ತ. ಬೆಲೆ ದಪ್ಪ ಅಕ್ಷರದಲ್ಲಿ ಕಾಣಬೇಕು. ಬೆಲೆ ಕೇಳಲು ಸಂಕೋಚಪಡುವ ಗಿರಾಕಿ ಸುಮ್ಮನೆ ಮುಂದೆ ಹೋಗುತ್ತಾರೆ. ಚನ್ನಪಟ್ಟಣದ ಬೊಂಬೆ ಕುಶಲಕರ್ಮಿಗಳಿಂದ ಅರಗಿನ ಬಣ್ಣದ ಮರದ ಹೊರಕುಂಡ ಮಾಡಿಸಿಕೊಂಡರೆ ಉಡುಗೊರೆಗೆ ಒಪ್ಪುತ್ತದೆ. ಆದರೆ ಗಿಡವನ್ನು ನೇರವಾಗಿ ಅದರಲ್ಲಿ ನೆಟ್ಟರೆ ಮರ ನೀರು ಕುಡಿದು ಬಿರಿಯುತ್ತದೆ. ಒಳಗೆ ಪ್ಲಾಸ್ಟಿಕ್ ಕುಂಡವಿರಲಿ. ನೆರಳಿನಲ್ಲಿ ಬೆಳೆದ ಹಾವರ್ತಿಯಾವನ್ನು ಬೇಸಿಗೆಯ ಮಧ್ಯಾಹ್ನ ಬಿಸಿಲಿಗೆ ಇಟ್ಟರೆ ಒಂದೇ ದಿನದಲ್ಲಿ ಎಲೆ ಸುಡುವುದರಿಂದ ಚಪ್ಪರ ಅವಶ್ಯ.

ಬೆಟ್ಟದ ಬಂಡೆಗಳ ನಡುವೆ ಬೆಳೆದ ಗಿಡಗಳನ್ನು ಕಿತ್ತು ತಂದು ಮಾರುವುದು ಸಲ್ಲದು. ರಾಮದೇವರ ಬೆಟ್ಟವು 2012ರಲ್ಲಿ ರಣಹದ್ದು ಧಾಮವಾಗಿ ಘೋಷಿತವಾಗಿದೆ, ಸಾವನದುರ್ಗ ಅರಣ್ಯಪ್ರದೇಶ. ಕಾನೂನಿನ ಮಾತು ಹಾಗಿರಲಿ, ಬಂಡೆಯಿಂದ ಕಿತ್ತ ಗಿಡ ಕುಂಡದಲ್ಲಿ ಬದುಕುವುದೂ ಕಡಿಮೆ.

ಹಿಟ್ಟು ತಿಗಣೆ ಈ ಗಿಡಗಳ ದೊಡ್ಡ ಶತ್ರು. ಎಲೆಗಳ ಸಂದಿನಲ್ಲಿ ಬಿಳಿ ಹತ್ತಿಯಂತೆ ಕಂಡರೆ ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ ತೆಗೆಯಬೇಕು. ಹಿಪ್ಪುನೇರಳೆ ತೋಟ ಅಥವಾ ಹುಳು ಸಾಕುವ ಮನೆಯ ಹತ್ತಿರ ಕೀಟನಾಶಕ ಸಿಂಪಡಿಸಲೇಬಾರದು. ಕುಂಡಕ್ಕೆ ಹೊಡೆದ ಔಷಧಿ ಗಾಳಿಯಲ್ಲಿ ಸೊಪ್ಪಿಗೆ ತಾಗಿದರೆ ಒಂದು ಬೆಳೆ ರೇಷ್ಮೆಯೇ ಕೈಬಿಡಬಹುದು.

ಪ್ರತಿ ಕುಂಡದ ಜೊತೆ ಸಣ್ಣ ಚೀಟಿ ಇರಲಿ: ಗಿಡದ ಹೆಸರು, ಮೇಲ್ಮಣ್ಣು ಪೂರ್ತಿ ಒಣಗಿದ ಮೇಲೆ ಮಾತ್ರ ನೀರು, ಎಷ್ಟು ಬಿಸಿಲು ಬೇಕು. ಅಡೇನಿಯಂ ಮತ್ತು ಕಳ್ಳಿ ಜಾತಿಗಳ ಹಾಲು ವಿಷಕಾರಿ, ಮಕ್ಕಳ ಕಣ್ಣು ಬಾಯಿಗೆ ತಾಗಬಾರದೆಂದು ಅದರಲ್ಲೇ ಬರೆಯಬೇಕು. ಸಂತೆಯಿಂದ ಹಿಂತಿರುಗಿದ ಕುಂಡಗಳನ್ನು ಒಂದೆರಡು ವಾರ ಬೇರೆಯಾಗಿಟ್ಟು, ತಿಗಣೆ ಇಲ್ಲವೆಂದು ನೋಡಿಕೊಂಡು ಉಳಿದವುಗಳ ಜೊತೆ ಸೇರಿಸಬೇಕು.